ವಿದ್ಯುತ್ ಉಪಕೇಂದ್ರಗಳಲ್ಲಿ ಕಂಪ್ಯೂಟರ್ ಮೂಲಕ ಸ್ವಿಚಿಂಗ್

ವಿದ್ಯುತ್ ಉಪಕೇಂದ್ರಗಳಲ್ಲಿರುವ ಸರ್ಕ್ಯೂಟ್ ಬ್ರೇಕರ್, ಐಸೊಲೇಟರ್ ಮತ್ತು ಅರ್ಥ್ ಸ್ವಿಚ್‌ಗಳನ್ನು ಕಂಪ್ಯೂಟರ್ ಮೂಲಕ ಹಾಕುವ, ತೆಗೆಯುವ ಏರ್ಪಾಡು ಸಬ್‌ಸ್ಟೇಷನ್ ಆಟೊಮೇಷನ್‌ನ ತಿರುಳು. ಸಂಪರ್ಕ ಕೂಡಿಸುವುದಕ್ಕೆ ‘ಹಾಕುವುದು’, ಬಿಡಿಸುವುದಕ್ಕೆ ‘ತೆಗೆಯುವುದು’ ಎಂಬ ಯಾರ್ಡ್‌ನ (ಉಪಕರಣಗಳಿರುವ ಅಂಗಳದ) ಮಾತನ್ನೇ ಇಲ್ಲಿ ಬಳಸಿದೆ; ಸ್ವಿಚ್ ‘ಬೀಳುವುದು’ ಎಂದರೂ ಸಂಪರ್ಕ ಕೂಡುವುದೇ. ಆಪರೇಟರ್ ಪರದೆಯ ಮೇಲೆ ಆಜ್ಞೆ ಕೊಟ್ಟ ಮೇಲೆ ಹೊರಗೆ ಬ್ರೇಕರ್ ಧಡ್ಡೆಂದು ಸದ್ದು ಮಾಡಲು ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಅಷ್ಟರೊಳಗೆ ಹಲವು ಸಾಧನಗಳು ತಂತಮ್ಮ ತಪಾಸಣೆ ಮುಗಿಸಿರುತ್ತವೆ. ಅವುಗಳಲ್ಲಿ ಒಂದು ಒಪ್ಪದಿದ್ದರೂ ಆಜ್ಞೆ ಅಲ್ಲಿಗೇ ನಿಂತಿತು. ಈ ವ್ಯವಸ್ಥೆಯನ್ನು ರೂಪಿಸುವವರ ಶ್ರಮದ ದೊಡ್ಡ ಪಾಲು, ಯಾವ ಆಜ್ಞೆಯನ್ನು ಯಾವ ಸ್ಥಿತಿಯಲ್ಲಿ ತಿರಸ್ಕರಿಸಬೇಕೆಂದು ಯೋಚಿಸಿ ಬರೆದಿಡುವುದಕ್ಕೇ ಹೋಗುತ್ತದೆ.

ಉಪಕರಣಗಳು

ಒಂದು ಲೈನಿಗೋ ಟ್ರಾನ್ಸ್‌ಫಾರ್ಮರಿಗೋ ಸೇರಿದ ಉಪಕರಣಗಳ ಸಾಲಿಗೆ ‘ಬೇ’ ಎನ್ನುತ್ತಾರೆ. ಪ್ರತಿ ಬೇಯಲ್ಲಿ ಮೂರು ಬಗೆಯ ಸ್ವಿಚ್‌ಗಳಿರುತ್ತವೆ, ಮೂರರ ಸಾಮರ್ಥ್ಯವೂ ಬೇರೆ ಬೇರೆ. ಬ್ರೇಕರ್ ಮಾತ್ರ ಹರಿಯುತ್ತಿರುವ ಕರೆಂಟನ್ನು, ಶಾರ್ಟ್ ಸರ್ಕ್ಯೂಟ್ ಆದಾಗಿನ ಸಾವಿರಾರು ಆಂಪಿಯರ್ ಸಹಿತ, ಕಡಿಯಬಲ್ಲದು. ಸಂಪರ್ಕ ಬಿಡುವಾಗ ಹುಟ್ಟುವ ಕಿಡಿಯನ್ನು ನಂದಿಸಲು ಅದರೊಳಗೆ ಎಸ್‌ಎಫ್6 ಅನಿಲ ಅಥವಾ ನಿರ್ವಾತ ಇರುತ್ತದೆ. 11 ಮತ್ತು 33 ಕೆವಿಯಲ್ಲಿ ಈಗ ನಿರ್ವಾತದ ಬ್ರೇಕರ್‌ಗಳೇ ಹೆಚ್ಚು. ಅದಕ್ಕಿಂತ ಮೇಲಿನ ವೋಲ್ಟೇಜ್‌ಗಳಲ್ಲಿ ಎಸ್‌ಎಫ್6ನದೇ ಆಳ್ವಿಕೆ.

ಐಸೊಲೇಟರ್‌ಗೆ ಕಿಡಿ ನಂದಿಸುವ ಶಕ್ತಿ ಇಲ್ಲ. ಬ್ರೇಕರ್ ತೆಗೆದ ಮೇಲೆ, ಲೈನು ಬೇರ್ಪಟ್ಟಿದೆ ಎಂದು ಕಣ್ಣಿಗೆ ಕಾಣುವಂತೆ ಗಾಳಿಯಲ್ಲಿ ಒಂದು ಅಂತರ ಬಿಡುವುದಷ್ಟೇ ಅದರ ಕೆಲಸ. ಲೋಡ್ ಇರುವಾಗಲೇ ಅದನ್ನು ತೆಗೆದರೆ ಎರಡು ತೋಳುಗಳ ನಡುವೆ ಕಿಡಿ ಹಿಡಿದು, ತೋಳು ದೂರ ಸರಿದಷ್ಟೂ ಉದ್ದವಾಗಿ, ಕೊನೆಗೆ ಪಕ್ಕದ ಫೇಸಿಗೋ ಕಂಬಕ್ಕೋ ಹಾರುತ್ತದೆ. ಅರ್ಥ್ ಸ್ವಿಚ್‌ನ ಕೆಲಸ ಬಿಡಿಸಿದ ಭಾಗವನ್ನು ನೆಲಕ್ಕೆ ಕಟ್ಟುವುದು. ಕರೆಂಟಿರುವ ಲೈನಿನ ಮೇಲೆ ಅದನ್ನು ಹಾಕಿದರೆ ನಾವೇ ಕೈಯಾರೆ ಶಾರ್ಟ್ ಸರ್ಕ್ಯೂಟ್ ಮಾಡಿದಂತೆ. ಹಾಗಾಗಿ ಕ್ರಮ ಬಹಳ ಮುಖ್ಯ. ಲೈನ್ ಬಿಡಿಸುವಾಗ ಮೊದಲು ಬ್ರೇಕರ್, ಆಮೇಲೆ ಐಸೊಲೇಟರ್ ತೆಗೆದು, ಕಟ್ಟಕಡೆಗೆ ಅರ್ಥ್ ಸ್ವಿಚ್ ಹಾಕಬೇಕು. ಲೈನ್ ಮತ್ತೆ ಕೂಡಿಸುವಾಗ ಇದರ ತದ್ವಿರುದ್ಧ.

ವೇಗದಲ್ಲೂ ಇವುಗಳಿಗೆ ಅಜಗಜಾಂತರ. 50 ಹರ್ಟ್ಜ್ ಜಾಲದಲ್ಲಿ ಒಂದು ಸೈಕಲ್ ಎಂದರೆ 20 ಮಿಲಿಸೆಕೆಂಡ್. 400 ಕೆವಿ ಬ್ರೇಕರ್ ಎರಡು ಸೈಕಲ್‌ನಲ್ಲಿ, 220 ಕೆವಿ ಬ್ರೇಕರ್ ಮೂರು ಸೈಕಲ್‌ನಲ್ಲಿ ಕರೆಂಟ್ ಕಡಿಯಬೇಕೆಂಬುದು ನಮ್ಮಲ್ಲಿನ ರೂಢಿ. ಐಸೊಲೇಟರ್‌ನ ಮೋಟಾರು ತೋಳನ್ನು ತಿರುಗಿಸಿ ಮುಗಿಸಲು ಹಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಕಂಪ್ಯೂಟರಿಗೆ ಈ ಎರಡನೆಯದೇ ಹೆಚ್ಚು ತಲೆನೋವು. ನಡುದಾರಿಯಲ್ಲಿ ನಿಂತ ಐಸೊಲೇಟರ್ ಅತ್ತ ಹಾಕಿದ್ದೂ ಅಲ್ಲ, ಇತ್ತ ತೆಗೆದದ್ದೂ ಅಲ್ಲ.

ಹಿಡಿಕೆಯಿಂದ ಪರದೆಗೆ

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿದಾಗ ಸ್ವಿಚ್ ಇರುವಲ್ಲೇ ಅದನ್ನು ಹಾಕುವ ಮನುಷ್ಯನೂ ಇರಬೇಕಿತ್ತು. ಕ್ರಮೇಣ ಯಾರ್ಡ್‌ನಿಂದ ತಂತಿ ಎಳೆದು ಕಂಟ್ರೋಲ್ ರೂಮಿನ ಪ್ಯಾನೆಲ್‌ಗೆ ತಂದರು. ಪ್ಯಾನೆಲ್ ಮೇಲೆ ಬಣ್ಣದ ಪಟ್ಟಿಗಳಲ್ಲಿ ಬಿಡಿಸಿದ ಜಾಲದ ನಕ್ಷೆ, ಅದರ ನಡುವೆ ಪಿಸ್ತೂಲಿನ ಹಿಡಿಯಂಥ ಟಿಎನ್‌ಸಿ ಸ್ವಿಚ್. ಎಡಕ್ಕೆ ತಿರುಗಿಸಿದರೆ ಟ್ರಿಪ್ (ತೆಗೆ), ಬಲಕ್ಕೆ ತಿರುಗಿಸಿದರೆ ಕ್ಲೋಸ್ (ಹಾಕು), ಕೈ ಬಿಟ್ಟರೆ ನಡುವಿಗೆ. ಒಮ್ಮೆ ಕ್ಲೋಸ್‌ಗೆ ತಿರುಗಿಸಿದ ಮೇಲೆ, ಮತ್ತೆ ಟ್ರಿಪ್ ಕಡೆ ತಿರುಗಿಸಿ ಬಾರದೆ ಎರಡನೇ ಸಲ ಕ್ಲೋಸ್ ಮಾಡಲಾಗದ ಹಾಗೆ ಅದರ ಒಳಗೆ ಅಡ್ಡಗಟ್ಟೆ ಇರುತ್ತಿತ್ತು. ಈಗ ಸಾಫ್ಟ್‌ವೇರ್‌ನಲ್ಲಿ ಬರೆಯುವ ಎಷ್ಟೋ ನಿಯಮಗಳು ಆ ಹಿತ್ತಾಳೆಯ ಚಕ್ರಗಳಲ್ಲಿ ಆಗಲೇ ಇದ್ದವು.

ದೂರದಿಂದ ನಿಯಂತ್ರಿಸುವ ಸ್ಕಾಡಾ ಬಂದಾಗ ಹೊಸ ಭಯ ಹುಟ್ಟಿತು. ಪ್ಯಾನೆಲ್‌ನ ಹಿಡಿಕೆಯಿಂದ ಬ್ರೇಕರ್‌ಗೆ ಪ್ರತ್ಯೇಕ ತಂತಿ ಇತ್ತು, ಬೇರೆ ಬ್ರೇಕರ್‌ಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಸ್ಕಾಡಾದಲ್ಲಾದರೋ ಎಲ್ಲ ಆಜ್ಞೆಗಳೂ ಒಂದೇ ಟೆಲಿಫೋನ್ ಲೈನಿನಲ್ಲೋ ಕ್ಯಾರಿಯರ್ ಸಂಪರ್ಕದಲ್ಲೋ ಅಂಕಿಗಳಾಗಿ ಹೋಗುತ್ತವೆ. ಸದ್ದುಗದ್ದಲಕ್ಕೆ ಒಂದು ಬಿಟ್ ತಿರುಗಿದರೂ ಆಜ್ಞೆ ಇನ್ನೊಂದು ವಿಳಾಸ ಸೇರಬಹುದು. ಇದಕ್ಕೆ ಕಂಡುಕೊಂಡ ಉಪಾಯ ಎರಡು ಹಂತದ ಆಜ್ಞೆ. 1993ರಲ್ಲಿ ಬಂದ ಡಿಎನ್‌ಪಿ3, 1995ರ ಐಇಸಿ 60870-5-101, 2000ದ ಐಇಸಿ 60870-5-104 ಎಂಬ ಸಂವಹನ ಮಾನದಂಡಗಳೆಲ್ಲದರಲ್ಲೂ ಅದು ಇದೆ. ಉಪಕೇಂದ್ರದೊಳಗಿನ ಸಂಪರ್ಕಕ್ಕೆಂದೇ ರೂಪಿಸಿ 2003ರಿಂದ 2005ರ ನಡುವೆ ಪ್ರಕಟಿಸಿದ ಐಇಸಿ 61850 ಅದನ್ನು ಇನ್ನಷ್ಟು ಬಿಗಿ ಮಾಡಿತು. ಹೊಸ ಉಪಕೇಂದ್ರಗಳು ಬಹುತೇಕ ಇದನ್ನೇ ಅನುಸರಿಸುತ್ತವೆ. ಮುಂದಿನ ವಿವರಣೆಯೂ ಅದನ್ನು ಆಧರಿಸಿದೆ.

ಮೊದಲು ಆಯ್ಕೆ, ಆಮೇಲೆ ಆಜ್ಞೆ

220 ಕೆವಿ ಲೈನೊಂದರ ಬ್ರೇಕರ್ ಹಾಕಬೇಕಿದೆ ಎಂದುಕೊಳ್ಳೋಣ. ಆಪರೇಟರ್ ಪರದೆಯಲ್ಲಿ ಆ ಬ್ರೇಕರ್‌ನ ಚೌಕದ ಮೇಲೆ ಒತ್ತುತ್ತಾನೆ, ಒಂದು ಸಣ್ಣ ಕಿಟಕಿ ತೆರೆದುಕೊಳ್ಳುತ್ತದೆ, ಅದರಲ್ಲಿ ‘ಕ್ಲೋಸ್’ ಆರಿಸುತ್ತಾನೆ. ಆಗ ಹೊರಡುವುದು ಆಜ್ಞೆಯಲ್ಲ, ಕೋರಿಕೆ: ಇಂಥ ಬ್ರೇಕರ್ ಹಾಕಬೇಕೆಂದಿದ್ದೇನೆ, ಅಡ್ಡಿ ಇದೆಯೇ? ಅದು ಆ ಬೇಯ ನಿಯಂತ್ರಣ ಘಟಕಕ್ಕೆ ತಲುಪುತ್ತದೆ. ಬೇ ಕಂಟ್ರೋಲ್ ಯೂನಿಟ್, ಚಿಕ್ಕದಾಗಿ ಬಿಸಿಯು ಎಂದು ಕರೆಯುವ ಈ ಪೆಟ್ಟಿಗೆ ಆ ಬೇಯ ಪ್ಯಾನೆಲ್‌ನಲ್ಲೇ ಕೂತಿರುತ್ತದೆ. ಬೇರೆ ಯಾರಾದರೂ ಈ ಬ್ರೇಕರನ್ನು ಆಯ್ಕೆ ಮಾಡಿಟ್ಟಿದ್ದಾರೆಯೇ, ಆಜ್ಞೆ ಕೊಡುವವರಿಗೆ ಈ ಹೊತ್ತು ಆ ಹಕ್ಕು ಇದೆಯೇ, ಬ್ರೇಕರ್ ಈಗಾಗಲೇ ಹಾಕಿದ ಸ್ಥಿತಿಯಲ್ಲಿದೆಯೇ, ಇತರ ಸ್ವಿಚ್‌ಗಳ ಸ್ಥಿತಿ ನೋಡಿ ತಡೆಯುವ ಇಂಟರ್‌ಲಾಕ್ ಒಪ್ಪುತ್ತದೆಯೇ ಎಂದು ಅದು ನೋಡುತ್ತದೆ. ಎಲ್ಲ ಸರಿಯಿದ್ದರೆ ಆ ಬ್ರೇಕರನ್ನು ಕೋರಿದವರ ಹೆಸರಿಗೆ ಕಾಯ್ದಿರಿಸಿ, ಒಪ್ಪಿಗೆಯ ಉತ್ತರ ಕಳಿಸುತ್ತದೆ. ಪರದೆಯ ಮೇಲೆ ಆ ಚೌಕದ ಬಣ್ಣ ಬದಲಾಗುತ್ತದೆ ಅಥವಾ ಮಿನುಗುತ್ತದೆ. ಯಾರ್ಡ್‌ನಲ್ಲಿ ಇನ್ನೂ ಏನೂ ಆಗಿಲ್ಲ.

ಈಗ ಎರಡನೆಯ ಹಂತ. ಆಪರೇಟರ್ ತಾನು ಆರಿಸಿದ್ದು ಸರಿಯಾದ ಬ್ರೇಕರನ್ನೇ ಎಂದು ನೋಡಿ ಖಚಿತಪಡಿಸಿದರೆ ನಿಜವಾದ ಆಜ್ಞೆ ಹೊರಡುತ್ತದೆ. ಅದರಲ್ಲಿ ಕಳಿಸಿದವರ ಗುರುತು, ಕ್ರಮಸಂಖ್ಯೆ, ಸಮಯ ಎಲ್ಲವೂ ಇರುತ್ತವೆ. ಆಯ್ಕೆಯ ವಿವರದೊಂದಿಗೆ ಅವು ತಾಳೆಯಾಗಬೇಕು. ಮೊದಲು ‘ಹಾಕು’ ಎಂದು ಆಯ್ಕೆ ಮಾಡಿ ಆಮೇಲೆ ‘ತೆಗೆ’ ಎಂದರೆ ನಡೆಯದು. ಆಯ್ಕೆ ಮಾಡಿಟ್ಟು ಆಪರೇಟರ್ ಫೋನೆತ್ತಿಕೊಂಡು ಮರೆತರೆ, ನಿಗದಿ ಮಾಡಿದ ಗಡುವು ಮುಗಿದ ಕೂಡಲೇ ಆಯ್ಕೆ ತಾನಾಗಿಯೇ ರದ್ದು. ಆಜ್ಞೆ ಬಂದ ಕ್ಷಣದಲ್ಲಿ ಬಿಸಿಯು ಇಂಟರ್‌ಲಾಕ್‌ಗಳನ್ನು ಮತ್ತೊಮ್ಮೆ ನೋಡುತ್ತದೆ, ಏಕೆಂದರೆ ಆಯ್ಕೆಗೂ ಆಜ್ಞೆಗೂ ನಡುವಿನ ಆ ಕೆಲವು ಸೆಕೆಂಡುಗಳಲ್ಲಿ ಜಾಲದ ಸ್ಥಿತಿ ಬದಲಾಗಿರಬಹುದು.

ಇಷ್ಟಕ್ಕೇ ಮುಗಿಯುವುದಿಲ್ಲ. ಆಜ್ಞೆ ಒಪ್ಪಿದ್ದೇನೆ ಎಂಬ ಉತ್ತರಕ್ಕೂ ಬ್ರೇಕರ್ ಬಿತ್ತು ಎಂಬ ಉತ್ತರಕ್ಕೂ ವ್ಯತ್ಯಾಸವಿದೆ. ‘ವರ್ಧಿತ ಭದ್ರತೆ’ಯ ವಿಧಾನದಲ್ಲಿ ಬಿಸಿಯು ಆಜ್ಞೆ ಹೊರಡಿಸಿ ಸುಮ್ಮನಾಗದೆ, ಬ್ರೇಕರ್‌ನ ಸ್ಥಿತಿ ನಿಜಕ್ಕೂ ಬದಲಾಯಿತೇ ಎಂದು ಕಾಯುತ್ತದೆ. ಬದಲಾದರೆ ‘ಮುಗಿಯಿತು’ ಎಂದೂ, ಹೇಳಿದ ಅವಧಿಯೊಳಗೆ ಬದಲಾಗದಿದ್ದರೆ ‘ಆಗಲಿಲ್ಲ’ ಎಂದೂ ಕಾರಣ ಸಮೇತ ತಿಳಿಸುತ್ತದೆ. ಇಂಟರ್‌ಲಾಕ್ ತಡೆಯಿತು, ಎರಡೂ ಬದಿಯ ಹೊಂದಿಕೆ ನೋಡುವ ಸಿಂಕ್ರೋಚೆಕ್ ತಡೆಯಿತು, ಮೊದಲೇ ಆ ಸ್ಥಿತಿಯಲ್ಲಿದೆ, ಗಡುವು ಮೀರಿತು, ಲೋಕಲ್‌ನಲ್ಲಿದೆ ಎಂಬ ಕಾರಣಗಳಿಗೆಲ್ಲ ಐಇಸಿ 61850 ಸಂಕೇತಗಳನ್ನು ಕೊಟ್ಟಿದೆ. ಶಿಫ್ಟ್‌ನಲ್ಲಿ ಕೂತವರಿಗೆ ಇದು ಎಂಥ ಉಪಕಾರವೆಂಬುದು ಹಳೆಯ ಪ್ಯಾನೆಲ್‌ನಲ್ಲಿ ಹಿಡಿಕೆ ತಿರುಗಿಸಿ ಬ್ರೇಕರ್ ಬೀಳದಿದ್ದಾಗ ಡ್ರಾಯಿಂಗ್ ಹರಡಿಕೊಂಡು ಒಂದೊಂದೇ ಟರ್ಮಿನಲ್ಲಿಗೆ ಟೆಸ್ಟ್ ಲ್ಯಾಂಪ್ ಹಿಡಿದವರಿಗೇ ಗೊತ್ತು.

ಬಿಸಿಯುನಿಂದ ಬ್ರೇಕರ್‌ನ ಸುರುಳಿಗೆ ಹೋಗುವ ಕೊನೆಯ ಮಾರು ದೂರದಲ್ಲೂ ಎಚ್ಚರಿಕೆ ಇದೆ. ಅನೇಕ ವಿನ್ಯಾಸಗಳಲ್ಲಿ ಧನ, ಋಣ ಎರಡೂ ಕಡೆ ಬೇರೆ ಬೇರೆ ರಿಲೇ ಸಂಪರ್ಕಗಳಿರುತ್ತವೆ. ಒಂದು ಬೆಸೆದುಕೊಂಡು ಕೆಟ್ಟರೂ ಅದೊಂದರಿಂದಲೇ ಬ್ರೇಕರ್ ಬೀಳದು. ಪ್ರೊಸೆಸರ್ ಸ್ತಬ್ಧವಾದರೆ ‘ವಾಚ್‌ಡಾಗ್’ ಎಂಬ ಕಾವಲು ಅದನ್ನು ಪತ್ತೆ ಹಚ್ಚಿ ಹೊರಹೋಗುವ ರಿಲೇಗಳನ್ನೆಲ್ಲ ಬಿಡಿಸಿ ಅಲಾರಂ ಕೊಡುತ್ತದೆ. ಆಜ್ಞೆ ಯಾವತ್ತೂ ನಿಗದಿತ ಅವಧಿಯ ಮಿಡಿತವಷ್ಟೇ, ನಿರಂತರ ಒತ್ತಡವಲ್ಲ.

ಸ್ಥಿತಿ ತಿಳಿಯುವುದು

ಬ್ರೇಕರ್ ಹಾಕಿದೆಯೇ ತೆಗೆದಿದೆಯೇ ಎಂದು ಕಂಪ್ಯೂಟರಿಗೆ ಹೇಳುವುದು ಅದರ ಯಂತ್ರಕ್ಕೆ ಜೋಡಿಸಿದ ಸಹಾಯಕ ಸಂಪರ್ಕಗಳು. ಒಂದೇ ಸಂಪರ್ಕವಿದ್ದರೆ ತಂತಿ ಕಡಿದದ್ದಕ್ಕೂ ಬ್ರೇಕರ್ ತೆಗೆದದ್ದಕ್ಕೂ ವ್ಯತ್ಯಾಸ ತಿಳಿಯದು. ಆದ್ದರಿಂದ ಎರಡು ಸಂಪರ್ಕ ಇಡುತ್ತಾರೆ: ಒಂದು ‘ಹಾಕಿದೆ’ ಎನ್ನಲು, ಇನ್ನೊಂದು ‘ತೆಗೆದಿದೆ’ ಎನ್ನಲು. 10 ಎಂದರೆ ಹಾಕಿದೆ, 01 ಎಂದರೆ ತೆಗೆದಿದೆ. ಎರಡೂ ಸೊನ್ನೆಯಾದರೆ ನಡುದಾರಿ, ಎರಡೂ ಒಂದಾದರೆ ದೋಷ. ಐಸೊಲೇಟರ್ ಚಲಿಸುವಾಗ ಕೆಲವು ಸೆಕೆಂಡು 00 ಬರುವುದು ಸಹಜ. ನಿಗದಿತ ಹೊತ್ತು ಮೀರಿಯೂ ಅಲ್ಲೇ ನಿಂತರೆ ಅಲಾರಂ.

ಇಲ್ಲಿಂದಲೇ ಈ ವ್ಯವಸ್ಥೆಯ ಮೂಲ ನಿಯಮವೊಂದು ಹುಟ್ಟುತ್ತದೆ: ಗೊತ್ತಿಲ್ಲ ಎಂದರೆ ಇಲ್ಲ ಎಂದು ಅರ್ಥ. ಸ್ಥಿತಿ ಸ್ಪಷ್ಟವಾಗದ ಯಾವುದೇ ಉಪಕರಣವನ್ನು ಇಂಟರ್‌ಲಾಕ್ ಲೆಕ್ಕಾಚಾರದಲ್ಲಿ ಅನುಕೂಲಕರ ಎಂದು ಪರಿಗಣಿಸುವಂತಿಲ್ಲ. ‘ಹಾಕಿಲ್ಲ’ ಎನ್ನುವುದು ‘ತೆಗೆದಿದೆ’ ಎನ್ನುವುದಕ್ಕೆ ಸಮನಲ್ಲ ಎಂಬುದನ್ನು ತರ್ಕ ಬರೆಯುವ ಎಂಜಿನಿಯರ್ ಮರೆತರೆ, ಅರ್ಧ ತೆರೆದ ಐಸೊಲೇಟರ್ ಎದುರಿಗೇ ಅರ್ಥ್ ಸ್ವಿಚ್ ಹಾಕಲು ಅನುಮತಿ ಸಿಕ್ಕೀತು. ಇಷ್ಟಾಗಿಯೂ ಸಹಾಯಕ ಸಂಪರ್ಕ ಹೇಳುವುದು ಯಂತ್ರದ ದಂಡ ಎಲ್ಲಿದೆ ಎಂಬುದನ್ನು ಮಾತ್ರ. ದಂಡ ಪೂರ್ತಿ ತಿರುಗಿಯೂ ಒಂದು ಫೇಸಿನ ತೋಳು ಸರಿಯಾಗಿ ಕೂರದಿರಬಹುದು. ಬಯಲಿನ ಯಾರ್ಡ್‌ಗಳಲ್ಲಿ ಐಸೊಲೇಟರ್ ತೆಗೆದ ಮೇಲೆ ಮೂರೂ ಫೇಸುಗಳನ್ನು ಹೋಗಿ ಕಣ್ಣಾರೆ ನೋಡಬೇಕೆಂಬ ಪದ್ಧತಿ ಇಂದಿಗೂ ಉಳಿದಿರುವುದು ಇದಕ್ಕೇ.

ಇಂಟರ್‌ಲಾಕ್

ಒಂದು ಉಪಕರಣದ ಚಲನೆಗೆ ಇತರ ಉಪಕರಣಗಳ ಸ್ಥಿತಿಯನ್ನು ಷರತ್ತಾಗಿ ಒಡ್ಡುವುದೇ ಇಂಟರ್‌ಲಾಕ್. ರೈಲ್ವೆ ಸಿಗ್ನಲ್‌ಗಳಲ್ಲಿ ಈ ತತ್ವ ವಿದ್ಯುತ್ ಜಾಲಕ್ಕಿಂತ ಮೊದಲೇ ಬೆಳೆದಿತ್ತು. ಉಪಕೇಂದ್ರದಲ್ಲಿ ಅದು ಮೂರು ಪದರಗಳಲ್ಲಿ ಇರುತ್ತದೆ. ಐಸೊಲೇಟರ್ ಮತ್ತು ಅದೇ ಚೌಕಟ್ಟಿನ ಅರ್ಥ್ ಸ್ವಿಚ್ ನಡುವೆ ಕಬ್ಬಿಣದ ತಡೆ. ಒಂದು ಹಾಕಿದ್ದಾಗ ಇನ್ನೊಂದರ ಹಿಡಿಕೆ ಅಲುಗುವುದೇ ಇಲ್ಲ. ಅದರ ಮೇಲೆ ತಂತಿಗಳಲ್ಲಿ ಕಟ್ಟಿದ ವಿದ್ಯುತ್ ತಡೆ. ಎಲ್ಲಕ್ಕಿಂತ ಮೇಲೆ ಬಿಸಿಯುಗಳೊಳಗಿನ ಸಾಫ್ಟ್‌ವೇರ್ ತಡೆ. ಮೂರನೆಯದು ಬಂದಿತೆಂದು ಮೊದಲಿನದನ್ನು ಕಿತ್ತೆಸೆಯುವುದು ಬುದ್ಧಿವಂತಿಕೆಯಲ್ಲ. ಕೈಯಿಂದ ಹಿಡಿಕೆ ತಿರುಗಿಸುವವನನ್ನು ಸಾಫ್ಟ್‌ವೇರ್ ತಡೆಯಲಾರದು.

ಬೇ ಒಳಗಿನ ನಿಯಮಗಳು ಸರಳ: ಬ್ರೇಕರ್ ತೆಗೆದಿದ್ದರೆ ಮಾತ್ರ ಐಸೊಲೇಟರ್ ಅಲುಗಬೇಕು, ಲೈನ್ ಐಸೊಲೇಟರ್ ತೆಗೆದಿದ್ದು, ಲೈನಿನಲ್ಲಿ ವೋಲ್ಟೇಜ್ ಇಲ್ಲದಿದ್ದರೆ ಮಾತ್ರ ಲೈನ್ ಅರ್ಥ್ ಸ್ವಿಚ್ ಬೀಳಬೇಕು. ಕಷ್ಟವಿರುವುದು ಬೇಗಳೆಲ್ಲ ಸೇರುವ ಸಾಮಾನ್ಯ ವಾಹಕಗಳ, ಅಂದರೆ ಬಸ್‌ಗಳ ನಡುವೆ. ಎರಡು ಮುಖ್ಯ ಬಸ್‌ಗಳಿರುವ 220 ಕೆವಿ ಉಪಕೇಂದ್ರದಲ್ಲಿ ಒಂದು ಫೀಡರನ್ನು, ಅಂದರೆ ಲೈನನ್ನು, ಮೊದಲ ಬಸ್‌ನಿಂದ ಎರಡನೆಯದಕ್ಕೆ, ಸರಬರಾಜು ನಿಲ್ಲಿಸದೆ ಬದಲಾಯಿಸಬೇಕಾಗುತ್ತದೆ. ಆಗ ಬ್ರೇಕರ್ ಹಾಕಿರುವಂತೆಯೇ ಎರಡನೇ ಬಸ್‌ನ ಐಸೊಲೇಟರ್ ಹಾಕಿ, ಮೊದಲನೆಯದನ್ನು ತೆಗೆಯಬೇಕು. ಮೇಲೆ ಹೇಳಿದ ಮೊದಲ ನಿಯಮಕ್ಕೆ ಇದು ನೇರ ವಿರುದ್ಧ.

ಇದು ಸಾಧ್ಯವಾಗುವುದು ಎರಡೂ ಬಸ್‌ಗಳನ್ನು ‘ಬಸ್ ಕಪ್ಲರ್’ ಎಂಬ ಬೇ ಜೋಡಿಸಿ, ಅವುಗಳ ವೋಲ್ಟೇಜ್ ಒಂದೇ ಆಗಿದ್ದಾಗ. ಕಪ್ಲರ್‌ನ ಬ್ರೇಕರ್ ಮತ್ತು ಅದರ ಎರಡೂ ಐಸೊಲೇಟರ್‌ಗಳು ಹಾಕಿರುವಾಗ ಫೀಡರಿನ ಐಸೊಲೇಟರ್ ಕಡಿಯುವುದು ಎರಡು ಸಮಾನ ದಾರಿಗಳಲ್ಲಿ ಒಂದನ್ನಷ್ಟೇ. ಕರೆಂಟ್ ಇನ್ನೊಂದು ದಾರಿ ಹಿಡಿಯುತ್ತದೆ, ಕಿಡಿ ಸಣ್ಣದಾಗಿ ಸಾಯುತ್ತದೆ. ಆದರೆ ವರ್ಗಾವಣೆಯ ನಡುವೆ ಯಾರೋ ಕಪ್ಲರ್ ತೆಗೆದರೆ? ಎರಡೂ ಬಸ್‌ಗಳ ಲೋಡ್ ವ್ಯತ್ಯಾಸವೆಲ್ಲ ಆ ಐಸೊಲೇಟರ್ ಮೂಲಕ ಹರಿಯುತ್ತದೆ, ಅದನ್ನು ತೆಗೆಯಲು ಹೋದವರ ಗತಿ ಹೇಳುವುದೇ ಬೇಡ. ಹಾಗಾಗಿ ಯಾವುದೇ ಬೇಯಲ್ಲಿ ಎರಡೂ ಬಸ್ ಐಸೊಲೇಟರ್‌ಗಳು ಹಾಕಿರುವ ತನಕ ಕಪ್ಲರ್ ತೆಗೆಯುವ ಆಜ್ಞೆಗೆ ತಡೆ ಇರುತ್ತದೆ. ಬಸ್‌ಗೇ ಅರ್ಥ್ ಸ್ವಿಚ್ ಹಾಕಬೇಕಾದರೆ ಆ ಬಸ್‌ಗೆ ಸೇರುವ ಪ್ರತಿಯೊಂದು ಬೇಯ ಐಸೊಲೇಟರ್ ತೆಗೆದಿದೆ ಎಂದು ಖಾತ್ರಿಯಾಗಬೇಕು.

ಒಂದು ಬೇಯ ಬಿಸಿಯುಗೆ ಉಳಿದ ಬೇಗಳ ಸಮಾಚಾರ ಹೇಗೆ ತಿಳಿಯುತ್ತದೆ? ಹಿಂದೆ ಬೇಯಿಂದ ಬೇಗೆ ತಾಮ್ರದ ಕೇಬಲ್ ಎಳೆಯುತ್ತಿದ್ದರು. ಈಗ ‘ಗೂಸ್’ ಎಂಬ ಸಂದೇಶಗಳು ಈಥರ್‌ನೆಟ್ ಜಾಲದಲ್ಲಿ ಓಡಾಡುತ್ತವೆ. ಯಾರನ್ನೂ ಕೇಳದೆ, ಯಾರ ಉತ್ತರಕ್ಕೂ ಕಾಯದೆ ಪ್ರತಿ ಸಾಧನವೂ ತನ್ನ ಸ್ಥಿತಿಯನ್ನು ಸಾರುತ್ತಿರುತ್ತದೆ. ಬದಲಾವಣೆಯಾದ ಕೂಡಲೇ ಅದೇ ಸಂದೇಶವನ್ನು ಬೆನ್ನುಬೆನ್ನಿಗೆ ಹಲವು ಸಲ ಕಳಿಸಿ, ನಂತರ ನಿಧಾನಗತಿಗೆ ಇಳಿದು ಬಿಡದೆ ಮುಂದುವರಿಸುತ್ತದೆ. ಪ್ರತಿ ಸಂದೇಶದಲ್ಲೂ ಅದು ಎಷ್ಟು ಹೊತ್ತು ಮಾನ್ಯ ಎಂದು ಬರೆದಿರುತ್ತದೆ. ಆ ಹೊತ್ತಿನೊಳಗೆ ಮುಂದಿನದು ಬರದಿದ್ದರೆ ಸ್ವೀಕರಿಸುವವನು ಆ ಬೇಯ ಸ್ಥಿತಿಯನ್ನು ‘ಅಜ್ಞಾತ’ ಎಂದು ಗುರುತಿಸಿ, ಅದನ್ನು ಅವಲಂಬಿಸಿದ ಇಂಟರ್‌ಲಾಕ್‌ಗಳನ್ನೆಲ್ಲ ತಡೆಯ ಸ್ಥಿತಿಗೆ ತರುತ್ತಾನೆ. ಒಂದು ಕೇಬಲ್ ಕಿತ್ತ ಮಾತ್ರಕ್ಕೆ ಹೀಗಾಗದಿರಲೆಂದು ಎರಡು ಪ್ರತ್ಯೇಕ ಜಾಲಗಳಲ್ಲಿ ಒಂದೇ ಸಂದೇಶವನ್ನು ಏಕಕಾಲಕ್ಕೆ ಕಳಿಸುವ ಪಿಆರ್‌ಪಿ ವಿಧಾನ ಬಳಕೆಯಲ್ಲಿದೆ.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಎರಡು ಬೇಗಳ ಎರಡು ಐಸೊಲೇಟರ್‌ಗಳಿಗೆ ಏಕಕಾಲಕ್ಕೆ ಆಜ್ಞೆ ಹೋದರೆ, ಎರಡೂ ಇನ್ನೊಂದರ ಹಳೆಯ ಸ್ಥಿತಿಯನ್ನು ನೋಡಿ ಒಪ್ಪಿಬಿಡಬಹುದು. ಚಲನೆ ಮುಗಿಯುವ ಹೊತ್ತಿಗೆ ಎರಡರ ಷರತ್ತೂ ಮುರಿದಿರುತ್ತದೆ. ಇದಕ್ಕೆ ಇಡೀ ಉಪಕೇಂದ್ರದಲ್ಲಿ ಒಮ್ಮೆಗೆ ಒಂದೇ ಸ್ವಿಚ್‌ಗೆ ಆಜ್ಞೆ ಎಂಬ ನಿಯಮ ತಂದರು. ಒಂದು ಚಲಿಸುತ್ತಿರುವಾಗ ಇನ್ನೊಂದರ ಆಯ್ಕೆಯೇ ಸಾಧ್ಯವಿಲ್ಲ. ಸ್ವಿಚಿಂಗ್ ನಿಧಾನವಾಗುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ, ಅದಕ್ಕೆ ಕಿವಿಗೊಡದಿರುವುದೇ ಲೇಸು.

ಇಂಟರ್‌ಲಾಕ್ ಮೀರುವ ಬೀಗದ ಕೈಯೂ ಉಂಟು. ಸಹಾಯಕ ಸಂಪರ್ಕ ಕೆಟ್ಟು, ಉಪಕರಣ ಸರಿಯಿದ್ದರೂ ಕಂಪ್ಯೂಟರ್ ಒಪ್ಪದಿದ್ದಾಗ ಅದು ಬೇಕಾಗುತ್ತದೆ. ಆಜ್ಞೆಯಲ್ಲೇ ‘ಇಂಟರ್‌ಲಾಕ್ ನೋಡಬೇಡ’ ಎಂದು ಸೂಚಿಸುವ ಅವಕಾಶವೂ ಐಇಸಿ 61850ರಲ್ಲಿದೆ. ಈ ಸೌಲಭ್ಯವನ್ನು ಹಿರಿಯ ಅಧಿಕಾರಿಯ ವಶಕ್ಕೆ ಕೊಟ್ಟು, ಪ್ರತಿ ಬಳಕೆಯನ್ನೂ ದಾಖಲಿಸಿದರೆ ಸರಿ. ಪ್ಯಾನೆಲ್‌ನಲ್ಲೇ ಸದಾ ನೇತಾಡುವ ಬೈಪಾಸ್ ಕೀ ಇರುವ ಕಡೆ ಇಂಟರ್‌ಲಾಕ್ ಇದ್ದೂ ಇಲ್ಲದಂತೆ.

ಹೊಂದಿಸಿ ಹಾಕುವುದು

ಬ್ರೇಕರ್‌ನ ಎರಡೂ ಬದಿ ಕರೆಂಟ್ ಇರುವಾಗ ಅದನ್ನು ಹಾಕಬೇಕಾದರೆ ಎರಡೂ ಕಡೆಯ ವೋಲ್ಟೇಜ್, ಫ್ರೀಕ್ವೆನ್ಸಿ ಮತ್ತು ಕೋನ ಹತ್ತಿರ ಹತ್ತಿರ ಇರಬೇಕು. ಇದನ್ನು ನೋಡುವುದು ಸಿಂಕ್ರೋಚೆಕ್. ಒಂದು ಬದಿ ಸತ್ತಿದ್ದರೆ ಹಾಕಬಹುದೇ ಎಂಬುದನ್ನೂ ಅದೇ ನಿರ್ಧರಿಸುತ್ತದೆ. ಆದರೆ ಅಲ್ಲೊಂದು ಬಲೆ ಇದೆ. ವೋಲ್ಟೇಜ್ ಅಳೆಯುವ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋದರೂ ಲೈನ್ ಸತ್ತಂತೆಯೇ ಕಾಣುತ್ತದೆ. ಹಾಗಾಗಿ ಫ್ಯೂಸ್ ಹೋದ ಸೂಚನೆ ಇದ್ದರೆ ಅನುಮತಿ ಇಲ್ಲ.

ಹೊಂದಿಕೆಯಾಗದೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಇಡಾಹೊ ರಾಷ್ಟ್ರೀಯ ಪ್ರಯೋಗಾಲಯ 2007ರ ಮಾರ್ಚ್‌ನಲ್ಲಿ ಮಾಡಿ ತೋರಿಸಿತು. ಡೀಸೆಲ್ ಜನರೇಟರೊಂದರ ಬ್ರೇಕರನ್ನು ಬೇಕೆಂದೇ ತಪ್ಪು ಕ್ಷಣದಲ್ಲಿ ತೆಗೆದು ಹಾಕಿದಾಗ ಯಂತ್ರ ನಡುಗಿ, ಹೊಗೆಯುಗುಳಿ ಹಾಳಾಯಿತು. ನಮ್ಮಲ್ಲಿ ಸಿಂಕ್ರೊನೈಸ್ ಮಾಡುವುದರ ಅತಿ ದೊಡ್ಡ ಸಂದರ್ಭಕ್ಕೆ ಕರ್ನಾಟಕವೇ ಸಾಕ್ಷಿ: 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಬೆಸೆಯಿತು. ಅಲ್ಲಿಯವರೆಗೆ ತಾಳ್ಚೇರ್–ಕೋಲಾರದಂಥ ಡಿಸಿ ಕೊಂಡಿಗಳಷ್ಟೇ ಎರಡನ್ನೂ ಜೋಡಿಸಿದ್ದವು. ಡಿಸಿಗೆ ಫ್ರೀಕ್ವೆನ್ಸಿಯ ಹಂಗಿಲ್ಲ.

ಬ್ರೇಕರ್‌ನದೇ ಆದ ತೀರ್ಮಾನ

ಕಂಪ್ಯೂಟರ್ ಒಪ್ಪಿದರೂ ಬ್ರೇಕರ್ ಒಪ್ಪಬೇಕೆಂದಿಲ್ಲ. ಎಸ್‌ಎಫ್6 ಒತ್ತಡ ಕುಸಿದರೆ ಮೊದಲು ಅಲಾರಂ, ಇನ್ನೂ ಇಳಿದರೆ ಬ್ರೇಕರ್ ಬೀಗ ಹಾಕಿಕೊಳ್ಳುತ್ತದೆ. ಆಗ ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ; ಅರೆ ಅನಿಲದಲ್ಲಿ ಕಿಡಿ ನಂದಿಸಲು ಹೋಗಿ ಸಿಡಿಯುವುದಕ್ಕಿಂತ ಅದು ಮೇಲು. ಸ್ಪ್ರಿಂಗ್ ಚಾರ್ಜ್ ಆಗಿರದಿದ್ದರೆ ಹಾಕುವ ಆಜ್ಞೆ ನಡೆಯದು. ಹಾಕುವ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗಲೇ ತೆಗೆಯುವ ಸ್ಪ್ರಿಂಗನ್ನು ಬಿಗಿದಿಡುವುದು ಈ ಯಂತ್ರಗಳ ಜಾಣ ವಿನ್ಯಾಸ. ಹಾಕಿದ ಬ್ರೇಕರ್‌ನಲ್ಲಿ ತೆಗೆಯುವ ಶಕ್ತಿ ಯಾವಾಗಲೂ ಸಿದ್ಧವಿರುತ್ತದೆ. ಫಾಲ್ಟ್ ಇರುವ ಲೈನಿನ ಮೇಲೆ ಹಾಕುವ ಆಜ್ಞೆ ಅಂಟಿಕೊಂಡು ನಿಂತರೆ ಬ್ರೇಕರ್ ಬಿದ್ದು, ಟ್ರಿಪ್ ಆಗಿ, ಮತ್ತೆ ಬಿದ್ದು ಪಂಪಿನಂತೆ ಆಡತೊಡಗೀತು. ಆಂಟಿ-ಪಂಪಿಂಗ್ ರಿಲೇ ಒಂದು ಆಜ್ಞೆಗೆ ಒಂದೇ ಸಲ ಎಂದು ತಡೆಯುತ್ತದೆ.

ಇದೆಲ್ಲ ನಡೆಯುವುದು ಬ್ಯಾಟರಿಯ 110 ಅಥವಾ 220 ವೋಲ್ಟ್ ಡಿಸಿಯಿಂದ. ಉಪಕೇಂದ್ರ ಪೂರ್ತಿ ಕತ್ತಲಾದಾಗಲೇ ಅದರ ಅಗತ್ಯ ಹೆಚ್ಚು. 220 ಕೆವಿ ಮತ್ತು ಮೇಲಿನ ಬ್ರೇಕರ್‌ಗಳಿಗೆ ಎರಡು ಟ್ರಿಪ್ ಕಾಯಿಲ್, ಎರಡು ಡಿಸಿ ಮೂಲ ಇರುತ್ತವೆ. ಕಾಯಿಲ್‌ನಲ್ಲಿ ಸದಾ ಒಂದು ಪುಟ್ಟ ಕರೆಂಟ್ ಹರಿಸಿ ತಂತಿ ಕಡಿದಿಲ್ಲವೆಂದು ನೋಡುತ್ತಿರುವ ಮೇಲ್ವಿಚಾರಣಾ ರಿಲೇ ಕೂಡ.

ರಕ್ಷಣೆಯ ದಾರಿ ಬೇರೆ

ಇಷ್ಟೆಲ್ಲ ತಡೆಗಳು ಫಾಲ್ಟ್ ಬಂದಾಗ ಬ್ರೇಕರ್ ಟ್ರಿಪ್ ಆಗುವುದನ್ನು ತಡೆದರೆ? ತಡೆಯುವುದಿಲ್ಲ. ರಕ್ಷಣಾ ರಿಲೇಯ ಟ್ರಿಪ್ ಆಯ್ಕೆ, ಇಂಟರ್‌ಲಾಕ್, ಹಕ್ಕು ಯಾವುದನ್ನೂ ಕೇಳದೆ ನೇರ ಕಾಯಿಲ್‌ಗೆ ಹೋಗುತ್ತದೆ. ಅದಕ್ಕೆ ಉತ್ತರ ಹೇಳಬೇಕಾದದ್ದು ಅನಿಲದ ಬೀಗಕ್ಕೆ ಮಾತ್ರ. ಗೂಸ್ ಮೂಲಕ ಟ್ರಿಪ್ ಕಳಿಸಿದರೂ 3 ಮಿಲಿಸೆಕೆಂಡಿನಲ್ಲಿ ತಲುಪಬೇಕೆಂದು ಐಇಸಿ 61850 ಹೇಳುತ್ತದೆ. ಬ್ರೇಕರ್ ಬೀಗ ಹಾಕಿಕೊಂಡೋ ಸಿಕ್ಕಿಹಾಕಿಕೊಂಡೋ ತೆರೆಯದಿದ್ದರೆ, ಸುಮಾರು 200 ಮಿಲಿಸೆಕೆಂಡ್ ಕಾದು ಬ್ರೇಕರ್ ಫೇಲ್ಯೂರ್ ರಕ್ಷಣೆ ಅದೇ ಬಸ್‌ನ ಉಳಿದ ಬ್ರೇಕರ್‌ಗಳನ್ನೆಲ್ಲ ಟ್ರಿಪ್ ಮಾಡುತ್ತದೆ. ಹಾಕಲು ಹತ್ತು ಒಪ್ಪಿಗೆ, ತೆಗೆಯಲು ಒಂದು ಕಾರಣ ಸಾಕು ಎಂಬ ಈ ಅಸಮತೋಲನ ಬೇಕೆಂದೇ ಇಟ್ಟದ್ದು.

ಆಜ್ಞೆಯ ಹಕ್ಕು ಮತ್ತು ಎಲ್‌ಸಿ

ಒಂದೇ ಬ್ರೇಕರ್‌ಗೆ ನಾಲ್ಕು ಕಡೆಯಿಂದ ಆಜ್ಞೆ ಬರಬಹುದು: ಯಾರ್ಡ್‌ನ ಪೆಟ್ಟಿಗೆ, ಬಿಸಿಯು, ಕಂಟ್ರೋಲ್ ರೂಮಿನ ಕಂಪ್ಯೂಟರ್, ದೂರದ ನಿಯಂತ್ರಣ ಕೇಂದ್ರ. ಲೋಕಲ್–ರಿಮೋಟ್ ಸ್ವಿಚ್ ಒಂದು ಹೊತ್ತಿಗೆ ಒಬ್ಬರಿಗೇ ಹಕ್ಕು ಕೊಡುತ್ತದೆ. ಉಪಕರಣಕ್ಕೆ ಹತ್ತಿರ ಇರುವವನ ಮಾತೇ ಮೇಲು. ಬ್ರೇಕರ್ ಪಕ್ಕ ನಿಂತು ಲೋಕಲ್‌ಗೆ ತಿರುಗಿಸಿದವನು ದೂರದವರ ಕೈ ಕಟ್ಟಿಹಾಕುತ್ತಾನೆ. ಪವರ್‌ಗ್ರಿಡ್ ಸಂಸ್ಥೆ ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಕೇಂದ್ರ ಮತ್ತು ಅದರ ಪ್ರಾದೇಶಿಕ ಕೇಂದ್ರಗಳಿಂದ ತನ್ನ ಉಪಕೇಂದ್ರಗಳನ್ನು ನಿರ್ವಹಿಸುತ್ತಿರುವಾಗ ಈ ನಿಯಮದ ತೂಕ ಇನ್ನೂ ಹೆಚ್ಚಿದೆ.

ಲೈನಿನ ಮೇಲೆ ಮನುಷ್ಯರು ಕೆಲಸ ಮಾಡುವಾಗ ಕಂಪ್ಯೂಟರಿನ ಭರವಸೆ ಸಾಲದು. ಕರ್ನಾಟಕದಲ್ಲಿ ಲೈನ್ ಕ್ಲಿಯರ್, ಆಡುಮಾತಿನಲ್ಲಿ ಎಲ್‌ಸಿ, ಎಂಬ ಬರಹದ ಅನುಮತಿ ಇಲ್ಲದೆ ಪವರ್‌ಮ್ಯಾನ್ ಕಂಬ ಹತ್ತುವಂತಿಲ್ಲ. ಬ್ರೇಕರ್, ಐಸೊಲೇಟರ್ ತೆಗೆದು, ಅರ್ಥ್ ಮಾಡಿ, ಹಿಡಿಕೆಗೆ ಬೀಗ ಹಾಕಿ, ಜನ ಕೆಲಸ ಮಾಡುತ್ತಿದ್ದಾರೆ ಎಂಬ ಫಲಕ ನೇತುಹಾಕಿದ ಮೇಲೆ ಎಲ್‌ಸಿ ಕೊಡುತ್ತಾರೆ. ಪಡೆದವನೇ ಹಿಂತಿರುಗಿಸುವವರೆಗೆ ಲೈನ್ ಚಾರ್ಜ್ ಮಾಡುವಂತಿಲ್ಲ. ಪರದೆಯ ಮೇಲೆ ಇದಕ್ಕೆ ಸಮನಾದದ್ದು ‘ಟ್ಯಾಗ್’: ಉಪಕರಣದ ಚಿತ್ರಕ್ಕೆ ಟ್ಯಾಗ್ ಹಾಕಿದರೆ ಆಯ್ಕೆಯೇ ಆಗದು. ಆದರೆ ಆ ಟ್ಯಾಗ್ ಹಾಕಿದ ಕಂಪ್ಯೂಟರಿನಲ್ಲಷ್ಟೇ ಇದ್ದು, ಬಿಸಿಯುಗೆ ತಿಳಿಯದೇ ಹೋಗುವ ವ್ಯವಸ್ಥೆಗಳೂ ಇವೆ. ಹೀಗಾಗಿ ಬೀಗವೂ ಫಲಕವೂ ಇನ್ನೂ ನಿವೃತ್ತಿಯಾಗಿಲ್ಲ.

ದಾಳಿಗಳು ಕಲಿಸಿದ್ದು

2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದ ದಾಳಿಕೋರರು ಆಪರೇಟರ್‌ಗಳ ಪರದೆಯನ್ನೇ ವಶಕ್ಕೆ ತೆಗೆದುಕೊಂಡು ಒಂದೊಂದೇ ಬ್ರೇಕರ್ ತೆಗೆದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ಮುಂದಿನ ವರ್ಷ ಡಿಸೆಂಬರ್ 17ರಂದು ಕೀವ್ ಹೊರವಲಯದ 330 ಕೆವಿ ಉಪಕೇಂದ್ರದ ಮೇಲೆ ಬಂದ ‘ಇಂಡಸ್ಟ್ರಾಯರ್’ ಎಂಬ ತಂತ್ರಾಂಶಕ್ಕೆ ಐಇಸಿ 104 ಮತ್ತು 61850ರ ಭಾಷೆಗಳೇ ಬರುತ್ತಿದ್ದವು.

ಎರಡು ಹಂತದ ಆಜ್ಞೆ, ಇಂಟರ್‌ಲಾಕ್ ಯಾವುದೂ ಅಲ್ಲಿ ನೆರವಿಗೆ ಬರಲಿಲ್ಲ, ಬರಬೇಕೆಂದೂ ಇರಲಿಲ್ಲ. ಅವು ಕೈತಪ್ಪಿಗೆ, ಕೆಟ್ಟ ತಂತಿಗೆ, ಮರೆವಿಗೆ ಕಟ್ಟಿದ ಗೋಡೆಗಳು. ಆಯ್ಕೆ ಮಾಡಿ, ಉತ್ತರ ನೋಡಿ, ಕ್ರಮಬದ್ಧವಾಗಿ ಆಜ್ಞೆ ಕೊಡುವ ಕಳ್ಳನನ್ನು ಅವು ಗುರುತಿಸಲಾರವು. ತೆಗೆಯುವುದು ಸಲೀಸಾಗಿರಬೇಕೆಂಬ ಸುರಕ್ಷತೆಯ ತತ್ವವೇ ಅವನಿಗೆ ಅನುಕೂಲವಾಯಿತು. ಗುರುತು ಪರಿಶೀಲನೆ, ಸಂದೇಶಕ್ಕೆ ಸಹಿ, ಪಾತ್ರಕ್ಕೆ ತಕ್ಕ ಹಕ್ಕು ಇವೆಲ್ಲ ಐಇಸಿ 62351ರಲ್ಲಿವೆ. ಭಾರತದ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಯಂತ್ರಣ ಜಾಲವನ್ನು ಇಂಟರ್‌ನೆಟ್‌ಗೆ ತೆರೆದ ವ್ಯವಸ್ಥೆಗಳಿಂದ ಪೂರ್ತಿ ಬೇರ್ಪಡಿಸಬೇಕೆನ್ನುತ್ತದೆ. ಉಕ್ರೇನಿನಲ್ಲಿ 2015ರಲ್ಲಿ ಕೆಲವೇ ಗಂಟೆಗಳಲ್ಲಿ ಕರೆಂಟ್ ಮರಳಿದ್ದು ಸಿಬ್ಬಂದಿ ಉಪಕೇಂದ್ರಗಳಿಗೆ ಗಾಡಿ ಓಡಿಸಿಕೊಂಡು ಹೋಗಿ ಕೈಯಿಂದ ಬ್ರೇಕರ್ ಹಾಕಿದ್ದರಿಂದ.

ಪರೀಕ್ಷೆ

ಹೊಸ ಉಪಕೇಂದ್ರವನ್ನು ಚಾಲನೆಗೊಳಿಸುವ ಮುನ್ನ ಪ್ರತಿ ಆಜ್ಞೆ ಸರಿಯಾದ ಉಪಕರಣಕ್ಕೇ ಹೋಗುತ್ತದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಅದಕ್ಕಿಂತ ಬೇಸರದ, ಅದಕ್ಕಿಂತ ಮುಖ್ಯವಾದ ಕೆಲಸ ಆಗಬಾರದ್ದು ಆಗುವುದಿಲ್ಲ ಎಂದು ತೋರಿಸುವುದು. ಪ್ರತಿ ಇಂಟರ್‌ಲಾಕ್‌ನ ಒಂದೊಂದು ಷರತ್ತನ್ನೂ ಬೇಕೆಂದೇ ಮುರಿದು ಆಜ್ಞೆ ಕೊಡಬೇಕು, ತಿರಸ್ಕಾರ ಬರಬೇಕು. ಒಂದು ಬೇಯ ಜಾಲದ ಕೇಬಲ್ ಕಿತ್ತು, ಸಹಾಯಕ ಸಂಪರ್ಕದ ತಂತಿ ಬಿಚ್ಚಿ, ಡಿಸಿ ತೆಗೆದು ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಬೇಗಳ ಸಂಖ್ಯೆ ಹೆಚ್ಚಾದಂತೆ ಈ ಪಟ್ಟಿ ನೂರಾರು ಸಾಲುಗಳಿಗೆ ಬೆಳೆಯುತ್ತದೆ. ಗಡುವಿನ ಒತ್ತಡದಲ್ಲಿ ಮೊದಲು ಕತ್ತರಿ ಬೀಳುವುದೂ ಇದಕ್ಕೇ.

ನಡೆಯುತ್ತಿರುವ ಉಪಕೇಂದ್ರಕ್ಕೆ ಹೊಸ ಬೇ ಸೇರಿಸುವಾಗ ಕಷ್ಟ ಇನ್ನೊಂದು ಬಗೆಯದು. ಬಸ್ ಅರ್ಥ್ ಸ್ವಿಚ್ ಮತ್ತು ಕಪ್ಲರ್‌ನ ನಿಯಮಗಳಲ್ಲಿ ಹೊಸ ಬೇಯೂ ಸೇರಬೇಕು, ಆದರೆ ಪರೀಕ್ಷೆಗೆಂದು ಚಾಲ್ತಿಯಲ್ಲಿರುವ ಬಸ್ ನಿಲ್ಲಿಸುವಂತಿಲ್ಲ. ಐಇಸಿ 61850ರ ಎರಡನೇ ಆವೃತ್ತಿಯಲ್ಲಿ ಇದಕ್ಕೊಂದು ಅನುಕೂಲ ಕಲ್ಪಿಸಿದ್ದಾರೆ: ಪರೀಕ್ಷಾ ಯಂತ್ರವು ‘ಇದು ಅನುಕರಣೆ’ ಎಂಬ ಗುರುತಿನೊಂದಿಗೆ ಗೂಸ್ ಸಂದೇಶ ಕಳಿಸುತ್ತದೆ, ಪರೀಕ್ಷೆಗೆ ಒಪ್ಪಿಸಿದ ಬಿಸಿಯು ಮಾತ್ರ ಅದನ್ನು ನಿಜದ ಬದಲು ಸ್ವೀಕರಿಸಿ ತನ್ನ ತೀರ್ಮಾನ ಹೇಳುತ್ತದೆ, ಅದರ ರಿಲೇ ಸಂಪರ್ಕಗಳನ್ನು ಅಷ್ಟು ಹೊತ್ತು ತಡೆದಿಟ್ಟಿರುತ್ತಾರೆ. ಉಳಿದ ಬೇಗಳು ಆ ಗುರುತು ನೋಡಿ ಸಂದೇಶವನ್ನು ಕೈಬಿಟ್ಟು ತಮ್ಮ ಕೆಲಸ ಮುಂದುವರಿಸುತ್ತವೆ. ಪರೀಕ್ಷೆ ಮುಗಿದ ಮೇಲೆ ಬಿಸಿಯುವನ್ನು ಆ ಸ್ಥಿತಿಯಿಂದ ಹೊರತಂದದ್ದನ್ನು ಇಬ್ಬರು ನೋಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕುವುದು ಒಳ್ಳೆಯ ಪದ್ಧತಿ. ಪರೀಕ್ಷಾ ಸ್ಥಿತಿಯಲ್ಲೇ ಮರೆತುಬಿಟ್ಟ ಬಿಸಿಯು ಪರದೆಯ ಮೇಲೆ ಎಲ್ಲ ಸರಿಯಿದ್ದಂತೆಯೇ ಕಂಡೀತು.